ಉಡುಪಿ ಸುತ್ತಮುತ್ತ ಮಕ್ಕಳಿಗೆ ದುಡ್ಡಿಲ್ಲದ ಆಟದ ಜಾಗ: ಯಾವ ವಯಸ್ಸಿಗೆ, ಯಾವ ಹೊತ್ತಿಗೆ ಯಾವುದು?

ಉಡುಪಿಯಂಥ ಊರಲ್ಲಿ ಮಕ್ಕಳನ್ನು ಆಡಿಸಲು ಟಿಕೆಟ್ ತೆಗೆಯಲೇಬೇಕು ಅಂತೇನಿಲ್ಲ. ಅಜ್ಜರಕಾಡಿನ ಭುಜಂಗ ಪಾರ್ಕ್ ಇದೆ. ಮಣಿಪಾಲದಲ್ಲಿ ಮಣ್ಣಪಳ್ಳ ಮತ್ತು ಎಂಡ್ ಪಾಯಿಂಟ್ ಇವೆ. ಮಲ್ಪೆ, ಪಡುಕೆರೆಯ ಕಡಲ ತೀರ ಇದೆ. ಕೃಷ್ಣ ಮಠದ ಎದುರು ಸಂಜೆಯ ರಥಬೀದಿ ಇದೆ. ಸಾಲದ್ದಕ್ಕೆ ಶಾಲೆ, ಕಾಲೇಜುಗಳ ಮೈದಾನ. ಎಲ್ಲವೂ ಸಿಟಿ ಬಸ್ ಸ್ಟ್ಯಾಂಡಿನಿಂದ ಅರ್ಧ ಗಂಟೆಯ ಆಸುಪಾಸಿನಲ್ಲಿವೆ.

ಆದರೆ ಹೊಸದಾಗಿ ಊರಿಗೆ ಬಂದವರು, ಅಥವಾ ರಜೆಗೆ ಅಜ್ಜಿ ಮನೆಗೆ ಮಕ್ಕಳನ್ನು ಕರೆದುಕೊಂಡು ಬಂದವರು, "ಇದರಲ್ಲಿ ಯಾವುದು ಒಳ್ಳೇದು?" ಅಂತ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಕೊಡುವುದು ಕಷ್ಟ. ಎರಡು ವರ್ಷದ ಮಗುವಿಗೆ ಹೇಳಿ ಮಾಡಿಸಿದ ಜಾಗದಲ್ಲಿ ಹತ್ತು ವರ್ಷದ ಹುಡುಗನಿಗೆ ಹತ್ತು ನಿಮಿಷದಲ್ಲಿ ಬೇಜಾರಾಗುತ್ತದೆ. ಡಿಸೆಂಬರ್‌ನಲ್ಲಿ ಕಣ್ಣು ಮುಚ್ಚಿ ಹೇಳಬಹುದಾದ ಕಡಲ ತೀರಕ್ಕೆ ಜುಲೈಯಲ್ಲಿ ಹೋಗಲೇಬಾರದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಬಣ್ಣಬಣ್ಣದ ಆಟಿಕೆ ಎಷ್ಟಿವೆ ಅಂತ ಎಣಿಸಿ ಜಾಗ ಆರಿಸಬೇಡಿ. ಕಾಲಡಿಯ ನೆಲ ಹೇಗಿದೆ, ತಲೆ ಮೇಲೆ ನೆರಳಿದೆಯಾ, ಮನೆಯಿಂದ ಎಷ್ಟು ಹತ್ತಿರ, ಈ ಮೂರನ್ನು ನೋಡಿ. ವಿಶ್ವ ಆರೋಗ್ಯ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷವಾದರೂ ಮೈಬೆವರುವ ಚಟುವಟಿಕೆ ಬೇಕು ಅನ್ನುತ್ತದೆ. 3-4 ವರ್ಷದವರಿಗಂತೂ ದಿನವಿಡೀ ಸೇರಿ 180 ನಿಮಿಷದ ಓಡಾಟ ಬೇಕು. ಅಷ್ಟು ಆಟ ಭಾನುವಾರದ ಒಂದು ಬೀಚ್ ಟ್ರಿಪ್ಪಿನಲ್ಲಿ ಸಿಗುವುದಿಲ್ಲ. ಹಾಗಾಗಿ ದಿನಾ ಹೋಗಲು ಆಗುವ ಸಾಧಾರಣ ಜಾಗವನ್ನು ನಾನು ತಿಂಗಳಿಗೊಮ್ಮೆ ಹೋಗುವ ಚೆಂದದ ಜಾಗಕ್ಕಿಂತ ಮೇಲೆ ಇಡುತ್ತೇನೆ.

ಉಯ್ಯಾಲೆಗಿಂತ ಮೊದಲು ನೆಲ ನೋಡಿ

ಪಾರ್ಕಿಗೆ ಕಾಲಿಟ್ಟ ಕೂಡಲೇ ಮಕ್ಕಳ ಕಣ್ಣು ಜಾರುಬಂಡಿಯ ತುದಿಗೆ ಹೋಗುತ್ತದೆ. ದೊಡ್ಡವರ ಕಣ್ಣು ಅದರ ಬುಡಕ್ಕೆ ಹೋಗಬೇಕು. ನಮ್ಮ ಕರಾವಳಿಯದ್ದು ಮುರಕಲ್ಲಿನ ನೆಲ. ನಾಲ್ಕು ತಿಂಗಳ ಮಳೆಗೆ ಮೇಲಿನ ಮಣ್ಣು ತೊಳೆದುಹೋಗಿ ಅಲ್ಲಲ್ಲಿ ಕಲ್ಲು ತಲೆ ಎತ್ತಿರುತ್ತದೆ. ಓಡುವಾಗ ಅದರ ಮೇಲೆ ಬಿದ್ದರೆ ಮೊಣಕಾಲಿನ ಚರ್ಮ ಎದ್ದುಬರುತ್ತದೆ. ಜಾರುಬಂಡಿಯ ಮೆಟ್ಟಿಲಿನಿಂದ ತಲೆ ಕೆಳಗಾಗಿ ಬಿದ್ದರೆ ಆಸ್ಪತ್ರೆಯೇ ಗತಿ.

ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಸಾರ್ವಜನಿಕ ಆಟದ ಜಾಗಗಳಿಗೆ ಒಂದು ಕೈಪಿಡಿ ಮಾಡಿದೆ. ಅದರ ಲೆಕ್ಕದಲ್ಲಿ 4 ಅಡಿ ಎತ್ತರದಿಂದ ಬೀಳುವ ಮಗುವಿಗೆ ಕೆಳಗೆ 9 ಇಂಚು ದಪ್ಪದ ಹೊಯ್ಗೆ, ಅಂದರೆ ಮರಳು ಬೇಕು. ಆಟಿಕೆಯ ಸುತ್ತ 6 ಅಡಿ ಖಾಲಿ ಜಾಗ ಬೇಕು. ಇದೇ ಅಳತೆಯನ್ನು ನಮ್ಮ ಪಾರ್ಕುಗಳಲ್ಲಿ ಹುಡುಕಿದರೆ ಎಷ್ಟೋ ಕಡೆ ನಿರಾಸೆಯಾದೀತು. ಆದರೂ ಅಳತೆ ಗೊತ್ತಿದ್ದರೆ ಎರಡು ಪಾರ್ಕುಗಳ ನಡುವೆ ಆರಿಸುವುದು ಸುಲಭ. ಟೇಪ್ ಹಿಡಿದು ಹೋಗಬೇಕಾಗಿಲ್ಲ. ಉಯ್ಯಾಲೆಯ ಕೆಳಗೆ ಹಿಮ್ಮಡಿಯಿಂದ ಒಮ್ಮೆ ಕೆದಕಿ. ಮೆತ್ತಗೆ ಹೊಯ್ಗೆ ಬಂತಾ, ಸಿಮೆಂಟಿನಂತೆ ಗಟ್ಟಿ ನೆಲ ತಾಗಿತಾ, ಅಷ್ಟು ಸಾಕು. ಗಟ್ಟಿ ನೆಲವಾದರೆ ಎತ್ತರದ ಆಟಿಕೆ ಬಿಟ್ಟು ತಗ್ಗಿನದ್ದರಲ್ಲಿ ಮಾತ್ರ ಆಡಿಸಿ.

ಇನ್ನೊಂದು, ಉಪ್ಪುಗಾಳಿ. ಕಡಲು ಹತ್ತಿರ ಇದ್ದಷ್ಟೂ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಉಯ್ಯಾಲೆಯ ಸರಪಳಿ ಮೇಲಿನ ಕೊಂಡಿಗೆ ಸಿಕ್ಕಿಕೊಂಡಿರುತ್ತದಲ್ಲ, ಆ ಜಾಗವನ್ನು ಕತ್ತೆತ್ತಿ ನೋಡಿ. ಸರಪಳಿಯ ಕೆಳಗಿನ ಭಾಗ ಪೇಂಟ್ ಬಳಿದು ಹೊಸದರಂತೆ ಹೊಳೆಯುತ್ತಿರಬಹುದು. ಮೇಲೆ ಕೊಂಡಿ ಉಜ್ಜಿ ಉಜ್ಜಿ ಅರ್ಧ ಸವೆದಿರುತ್ತದೆ, ಅದರ ಸುತ್ತ ಕಂದು ಪುಡಿ ಕೂತಿರುತ್ತದೆ. ಅಂಥ ಉಯ್ಯಾಲೆಗೆ ಮಗುವನ್ನು ಕೂರಿಸಬೇಡಿ. ಜಾರುಬಂಡಿಯಾದರೆ ತಗಡು ಎರಡೂ ಬದಿಯಲ್ಲಿ ಎದ್ದಿದೆಯಾ ಅಂತ ಕೈಯಾಡಿಸಿ ನೋಡಿ. ಬಿಸಿಲಿನ ಹೊತ್ತಾದರೆ ಅಂಗೈಯನ್ನು ಐದು ಸೆಕೆಂಡ್ ಅದರ ಮೇಲಿಡಿ. ನಿಮಗೆ ಇಡಲಾಗದಿದ್ದರೆ ಮಗುವಿನ ತೊಡೆಗೂ ಆಗುವುದಿಲ್ಲ.

ಓಪನ್ ಜಿಮ್ ಬಗ್ಗೆಯೂ ಒಂದು ಮಾತು. ಈಗ ಎಷ್ಟೋ ಪಾರ್ಕುಗಳಲ್ಲಿ ಮಕ್ಕಳ ಆಟಿಕೆಯ ಪಕ್ಕದಲ್ಲೇ ದೊಡ್ಡವರ ವ್ಯಾಯಾಮದ ಸಲಕರಣೆ ಹಾಕಿದ್ದಾರೆ. ಮಕ್ಕಳಿಗೆ ಅದೂ ಆಟಿಕೆಯೇ. ಎರಡು ಕಬ್ಬಿಣದ ತೋಳು ಅತ್ತಿತ್ತ ಓಲಾಡುವಾಗ ಅದರ ಸಂದಿನಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ, ಎದುರಿಗೆ ನಿಂತ ಪುಟ್ಟ ಮಗುವಿನ ಮುಖಕ್ಕೆ ಪೆಡಲ್ ಬಡಿಯುತ್ತದೆ. ಸಣ್ಣ ಮಕ್ಕಳಿರುವವರು ಜಿಮ್ ಮತ್ತು ಆಟದ ಜಾಗ ದೂರ ದೂರ ಇರುವ ಪಾರ್ಕನ್ನೇ ಆರಿಸಿ.

ಐದು ವರ್ಷದೊಳಗಿನವರಿಗೆ: ಭುಜಂಗ ಪಾರ್ಕಾ, ಮಣ್ಣಪಳ್ಳವಾ?

ಸಣ್ಣ ಮಕ್ಕಳಿದ್ದರೆ ನನ್ನ ಓಟು ಭುಜಂಗ ಪಾರ್ಕಿಗೆ. ಅಜ್ಜರಕಾಡಿನಲ್ಲಿ ಜಿಲ್ಲಾ ಕ್ರೀಡಾಂಗಣದ ಹತ್ತಿರ ಇದೆ, ಊರ ನಡುವೆಯೇ ಇರುವುದರಿಂದ ಎಲ್ಲಿಂದ ಬಂದರೂ ಹತ್ತಿರ. 1934ರ ಫೆಬ್ರುವರಿಯಲ್ಲಿ ಗಾಂಧೀಜಿ ಉಡುಪಿಗೆ ಬಂದಾಗ ಜನ ಸೇರಿದ್ದು ಇದೇ ಅಜ್ಜರಕಾಡಿನಲ್ಲಿ. ಹಳೆಯ ಪಾರ್ಕ್ ಆದ್ದರಿಂದ ದೊಡ್ಡ ಮರಗಳಿವೆ. ಸೆಕೆಯ ದಿನಗಳಲ್ಲಿ ಅದೇ ದೊಡ್ಡ ಉಪಕಾರ. ಏಪ್ರಿಲ್‌ನ ಸಂಜೆ ನಾಲ್ಕೂವರೆಗೆ ಬಯಲಲ್ಲಿ ನಿಲ್ಲಲೂ ಆಗದಿರುವಾಗ ಇಲ್ಲಿ ಮರದಡಿ ಮಗುವನ್ನು ಆಡಲು ಬಿಡಬಹುದು. ಜೊತೆಗೆ ಬಂದ ಅಜ್ಜ ಅಜ್ಜಿಗೆ ಕೂರಲು ಬೆಂಚು ಸಿಗುತ್ತದೆ. ಪಾರ್ಕಿನ ಕೆಲವು ಕಡೆ ನೆಲ ಇಳಿಜಾರು, ಓಡುವ ಮಗುವಿಗೆ ಬ್ರೇಕ್ ಸಿಗುವುದಿಲ್ಲ. ಹೊಸದಾಗಿ ನಡೆಯಲು ಕಲಿತ ಮಗುವಾದರೆ ಸಪಾಟು ಭಾಗದಲ್ಲೇ ಇಟ್ಟುಕೊಳ್ಳಿ. ಜಿಲ್ಲಾ ಸರ್ಕಾರಿ ಆಸ್ಪತ್ರೆ ಅಜ್ಜರಕಾಡಿನಲ್ಲೇ ಇರುವುದು ಸಣ್ಣ ಮಕ್ಕಳ ಅಪ್ಪ ಅಮ್ಮಂದಿರಿಗೆ ಒಂದು ಧೈರ್ಯ.

ಮಣ್ಣಪಳ್ಳದ ಸೊಗಸು ಬೇರೆ ತರದ್ದು. ಮಣಿಪಾಲದ ಗದ್ದಲದ ನಡುವೆ ಅಷ್ಟು ದೊಡ್ಡ ಕೆರೆ, ಅದರ ಸುತ್ತ ನಡೆಯುವ ದಾರಿ, ಮರ, ಹಕ್ಕಿ. ಬೆಳಗ್ಗೆ ಮತ್ತು ಸಂಜೆ ವಾಕಿಂಗ್‌ಗೆ ಬರುವವರು ಜಾಸ್ತಿ, ಹಾಗಾಗಿ ನಿರ್ಜನ ಅನ್ನಿಸುವುದಿಲ್ಲ. ಆರೇಳು ವರ್ಷದ ಮಗುವಿಗೆ ಇದು ಬಲು ಒಳ್ಳೆಯ ಜಾಗ. ನೀರುಕಾಗೆ ಮುಳುಗಿ ಎಲ್ಲಿ ಏಳುತ್ತದೆ ಅಂತ ಕಾಯುವುದು, ಬಿದ್ದ ಎಲೆ ಬೀಜ ಹೆಕ್ಕುವುದು, ದಾರಿಯುದ್ದಕ್ಕೂ ಓಡಿ ಮುಂದಿನ ಬೆಂಚಿನಲ್ಲಿ ಕಾಯುವುದು. ಆದರೆ ಮೂರು ವರ್ಷದ ಮಗುವಿನ ಜೊತೆ ಇಲ್ಲಿ ಒಬ್ಬರೇ ಹೋಗುವುದು ನನಗೆ ಸರಿ ಕಾಣುವುದಿಲ್ಲ. ಎಲ್ಲಿ ನೋಡಿದರೂ ನೀರು. ಇಬ್ಬರು ಮಕ್ಕಳಿದ್ದು ಒಬ್ಬ ಅತ್ತ, ಒಬ್ಬಳು ಇತ್ತ ಓಡಿದರೆ ಒಬ್ಬರ ಕೈಯಲ್ಲಿ ಸಾಗುವ ಕೆಲಸವಲ್ಲ. ಒಂದು ಮಗುವಿಗೆ ಒಬ್ಬ ದೊಡ್ಡವರು ಅನ್ನುವ ಲೆಕ್ಕದಲ್ಲಿ ಹೋದರೆ ಮಾತ್ರ ಅಡ್ಡಿಲ್ಲ.

ಮಣಿಪಾಲದ ಕಡೆ ಮನೆ ಇರುವವರು ದಿನಾ ಅಜ್ಜರಕಾಡಿಗೆ ಇಳಿದು ಬರಲು ಆಗುವುದಿಲ್ಲ, ನಿಜ. ಸಂಜೆ ಐದೂವರೆಗೆ ಕಲ್ಸಂಕದ ಟ್ರಾಫಿಕ್ ನೋಡಿದವರಿಗೆ ಗೊತ್ತು. ಅಂಥವರು ವಾರದ ದಿನಗಳಲ್ಲಿ ತಮ್ಮ ಬಡಾವಣೆಯ ಸಣ್ಣ ಪಾರ್ಕನ್ನೇ ನೆಚ್ಚಿಕೊಂಡು, ರಜೆಯ ಬೆಳಗ್ಗೆ ಮಣ್ಣಪಳ್ಳಕ್ಕೆ ಹೋಗಲಿ.

ಎಂಡ್ ಪಾಯಿಂಟ್ ಬಗ್ಗೆ ಎರಡೇ ಮಾತು. ನೋಟಕ್ಕೆ ಇದಕ್ಕಿಂತ ಮಿಗಿಲಾದ ಜಾಗ ಸುತ್ತಮುತ್ತ ಇಲ್ಲ. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ತೆಂಗಿನ ತೋಟಗಳ ನಡುವೆ ಸ್ವರ್ಣಾ ನದಿ ಬಳುಕುತ್ತಾ ಹರಿಯುವುದು ಕಾಣುತ್ತದೆ, ಸಂಜೆಯ ಸೂರ್ಯ ಪಡುವಣದಲ್ಲಿ ಇಳಿಯುವುದು ಕಾಣುತ್ತದೆ. ಆದರೆ ಇದು ದೊಡ್ಡವರು ನೋಡಲು, ಹದಿಹರೆಯದವರು ಹರಟಲು, ಸ್ವಲ್ಪ ದೊಡ್ಡ ಮಕ್ಕಳು ಓಡಾಡಲು ಇರುವ ಜಾಗ. ಅಂಚಿನ ಆಚೆ ಇಳಿಜಾರು ಕಡಿದು. ಪುಟ್ಟ ಮಕ್ಕಳ ಕೈ ಬಿಡುವ ಹಾಗಿಲ್ಲ. ಕೈ ಬಿಡಲಾಗದ ಜಾಗವನ್ನು ನಾನು ಮಕ್ಕಳ ಆಟದ ಜಾಗ ಅನ್ನಲಾರೆ.

ಕಡಲು: ಮಲ್ಪೆ, ಪಡುಕೆರೆ, ಕಾಪು

ಐದು ದಾಟಿದ ಮಕ್ಕಳಿಗೆ ಹೊಯ್ಗೆಗಿಂತ ದೊಡ್ಡ ಆಟಿಕೆ ಇಲ್ಲ. ಮೆತ್ತನೆ ನೆಲ, ಬಿದ್ದರೂ ನೋವಿಲ್ಲ, ಮುರಿದುಹೋಗುವಂಥದ್ದು ಏನೂ ಇಲ್ಲ, ಸರದಿಗಾಗಿ ಜಗಳವಿಲ್ಲ. ಇಳಿತದ ಹೊತ್ತಿಗೆ ಮಲ್ಪೆಯಲ್ಲಿ ಒದ್ದೆ ಹೊಯ್ಗೆ ಅಗಲವಾಗಿ ತೆರೆದುಕೊಂಡಿರುತ್ತದೆ. ಒಂದು ತೆಂಗಿನ ಗೆರಟೆ ಕೊಟ್ಟರೆ ಸಾಕು, ಮಕ್ಕಳು ಕೂತಲ್ಲೇ ಹೊಂಡ ತೋಡಿ ಕೋಟೆ ಕಟ್ಟುತ್ತಾರೆ. ಒಂದು ತೆರೆ ಬಂದು ಕಾಲುವೆಯನ್ನು ತುಂಬಿ ಹೋಗುತ್ತದೆ. ಮುಂದಿನ ತೆರೆಗೆ ಗೋಡೆಯ ಬುಡ ಕುಸಿಯುತ್ತದೆ, ಇನ್ನೊಂದು ಅಡಿ ಹಿಂದೆ ಮತ್ತೆ ತೋಡಲು ಶುರು. ಎದುರಿಗಿರುವ ನೀರು ಎಲ್ಲಿಯವರೆಗೆ ಬರುತ್ತದೆ ಅಂತ ಅಂದಾಜು ಮಾಡುವುದು, ಪಕ್ಕದಲ್ಲಿ ಕೂತ ಅಪರಿಚಿತ ಮಗುವಿನ ಜೊತೆ ಕಾಲುವೆ ಜೋಡಿಸುವುದು, ಇದನ್ನೆಲ್ಲ ಯಾವ ಜಾರುಬಂಡಿಯೂ ಕಲಿಸುವುದಿಲ್ಲ.

ಮೂರು ತೀರಗಳಲ್ಲಿ ಕುಟುಂಬಕ್ಕೆ ಮಲ್ಪೆಯೇ ಮೊದಲು. ಉಡುಪಿಯಿಂದ ಆರು ಕಿಲೋಮೀಟರ್, ಬಸ್ ಇದೆ, ಜೀವರಕ್ಷಕರಿರುತ್ತಾರೆ, ಜನ ಇರುತ್ತಾರೆ, ತಿನ್ನಲು ಸಿಗುತ್ತದೆ. ತೊಂದರೆಯೂ ಅದರಿಂದಲೇ. ಶನಿವಾರ, ಭಾನುವಾರದ ಸಂಜೆ ಕಾಲಿಡಲು ಜಾಗ ಇರುವುದಿಲ್ಲ. ಡಿಸೆಂಬರ್‌ನ ಶಾಲಾ ಪ್ರವಾಸದ ದಿನಗಳಲ್ಲಂತೂ ಒಂದರ ಹಿಂದೆ ಒಂದು ಬಸ್. ಅಂಥ ಗದ್ದಲದಲ್ಲಿ ಮಕ್ಕಳು ತಪ್ಪಿಸಿಕೊಳ್ಳುವ ಭಯ ನೀರಿನ ಭಯಕ್ಕಿಂತ ಹೆಚ್ಚು. ಗುರುತಿಗೆ ಗಾಂಧಿ ಪ್ರತಿಮೆಯನ್ನು ತೋರಿಸಿ, "ಕಾಣದೇ ಹೋದರೆ ಇಲ್ಲಿಗೇ ಬಂದು ನಿಲ್ಲಬೇಕು" ಅಂತ ಮೊದಲೇ ಹೇಳಿಕೊಡಿ. ಮಗುವಿನ ಅಂಗಿಯ ಒಳಗೆ ನಿಮ್ಮ ಫೋನ್ ನಂಬರ್ ಬರೆದ ಚೀಟಿ ಪಿನ್ ಮಾಡಿ. ಸಾಧ್ಯವಾದರೆ ವಾರದ ನಡುವಿನ ದಿನ ಹೋಗಿ, ಇಲ್ಲವೇ ಬೆಳಗ್ಗೆ ಎಂಟರೊಳಗೆ ಹೋಗಿ ಬಿಸಿಲೇರುವ ಮುಂಚೆ ವಾಪಸ್ ಬನ್ನಿ. ಬೆಳಗ್ಗಿನ ಮಲ್ಪೆ ನೋಡದವರು ಅದು ಬೇರೆಯದೇ ಊರು ಅಂದುಕೊಳ್ಳುತ್ತಾರೆ.

ಪಡುಕೆರೆ ಮಲ್ಪೆಯ ತೆಂಕು ಬದಿಗೆ, ಸೇತುವೆ ದಾಟಿದರೆ ಸಿಗುತ್ತದೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಮೀನುಗಾರರ ಮನೆಗಳು. ತೀರ ಉದ್ದಕ್ಕೂ ಶಾಂತ. ಹೊಯ್ಗೆಯಲ್ಲಿ ಆಡಲು, ಗಾಳಿಪಟ ಬಿಡಲು, ಚಿಪ್ಪು ಹೆಕ್ಕಲು ಮಲ್ಪೆಗಿಂತ ಎಷ್ಟೋ ಮೇಲು. ನೀರಿಗೆ ಇಳಿಯಲು ಮಾತ್ರ ಬೇಡವೇ ಬೇಡ. ಅವಘಡವಾದರೆ ಕೂಗಿದರೂ ಕೇಳುವವರು ಹತ್ತಿರ ಇರುವುದಿಲ್ಲ. ಹಾಗೆಯೇ, ಬಲೆ ಒಣಹಾಕಿದಲ್ಲಿ, ದೋಣಿ ಎಳೆದಿಟ್ಟಲ್ಲಿ ಮಕ್ಕಳನ್ನು ಹತ್ತಿಸಬೇಡಿ. ಅದು ಅಲ್ಲಿಯವರ ಅನ್ನದ ದಾರಿ. ಹರಿದ ಬಲೆಯ ತುಂಡು, ಕೊಕ್ಕೆ ಹೊಯ್ಗೆಯಲ್ಲಿ ಹೂತಿರುವುದೂ ಉಂಟು. ಚಪ್ಪಲಿ ಹಾಕಿಯೇ ಇರಲಿ.

ಕಾಪು ಇನ್ನೂ ದೂರ, ಹನ್ನೆರಡು ಹದಿಮೂರು ಕಿಲೋಮೀಟರ್. 1901ರಲ್ಲಿ ಕಟ್ಟಿದ ದೀಪಸ್ತಂಭ ಬಂಡೆಯ ಮೇಲೆ ನಿಂತಿದೆ, ನೋಡಲು ಬಹಳ ಚೆಂದ. ತೀರ ತಿರುಗಾಡಲು ದುಡ್ಡಿಲ್ಲ, ದೀಪಸ್ತಂಭ ಹತ್ತಲು ಟಿಕೆಟ್ ಇದೆ. ಆದರೆ ಬಂಡೆಗಳ ಮೇಲೆ ಪಾಚಿ ಕಟ್ಟಿರುತ್ತದೆ, ಅಲ್ಲಿ ಬಡಿಯುವ ತೆರೆಗೆ ದೊಡ್ಡವರೇ ಕಾಲು ತಪ್ಪುತ್ತಾರೆ. ಹತ್ತು ವರ್ಷ ದಾಟಿದ, ಹೇಳಿದ ಮಾತು ಕೇಳುವ ಮಕ್ಕಳಿದ್ದರೆ ಹೋಗಿ. ಉಳಿದವರಿಗೆ ಮಲ್ಪೆಯೇ ಸಾಕು.

ಇನ್ನೂ ತೆಂಕಿಗೆ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚ್ ಇದೆ. ಚೊಕ್ಕ, ಸುರಕ್ಷಿತ ತೀರಗಳಿಗೆ ಕೊಡುವ ಆ ಅಂತರರಾಷ್ಟ್ರೀಯ ಮಾನ್ಯತೆ 2020ರಲ್ಲಿ ಸಿಕ್ಕಿತು. ಚೊಕ್ಕವಾಗಿದೆ, ಸೌಕರ್ಯ ಇದೆ. ಆದರೆ ಪ್ರವೇಶಕ್ಕೆ ಶುಲ್ಕ ಇರುವುದರಿಂದ ಈ ಲೆಕ್ಕಕ್ಕೆ ಬರುವುದಿಲ್ಲ. ಬಡಗುಬೆಟ್ಟುವಿನ ಸಾಲುಮರದ ತಿಮ್ಮಕ್ಕ ಟ್ರೀ ಪಾರ್ಕ್ ಕೂಡ ಹಾಗೆಯೇ. ಅರಣ್ಯ ಇಲಾಖೆಯದ್ದು, ಸಣ್ಣ ಮೊತ್ತದ ಟಿಕೆಟ್ ಇದೆ.

ಎಂಟು ದಾಟಿದ ಮೇಲೆ ಮೈದಾನ

ಎಂಟು ವರ್ಷ ದಾಟಿದ ಮಕ್ಕಳಿಗೆ ಪಾರ್ಕ್ ಸಣ್ಣದಾಗುತ್ತದೆ. ಅವರಿಗೆ ಬೇಕಾದ್ದು ಬಯಲು, ಚೆಂಡು, ಮತ್ತು ಜೊತೆಗಾರರು. ಉಡುಪಿಯಲ್ಲಿ ಇದಕ್ಕೆ ಬರವಿಲ್ಲ. ಕಾಲೇಜುಗಳ ಮೈದಾನಗಳಿವೆ, ಬೀಡಿನಗುಡ್ಡೆಯ ಬಯಲಿದೆ, ಪ್ರತಿ ಊರಿನ ಸರ್ಕಾರಿ ಶಾಲೆಯ ಅಂಗಳವಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಶಾಲೆಗೆ ಆಟದ ಮೈದಾನ ಇರಬೇಕು ಅಂತ ಬರೆದಿದೆ. ಶಾಲೆ ಬಿಟ್ಟ ಮೇಲೆ ಆ ಜಾಗ ಹೆಚ್ಚಾಗಿ ಖಾಲಿ ಬಿದ್ದಿರುತ್ತದೆ.

ಬೇಲಿ ಹಾರಿ ಹೋಗುವುದು ಬೇಡ. ಮುಖ್ಯೋಪಾಧ್ಯಾಯರನ್ನೋ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರನ್ನೋ ಕಂಡು ಕೇಳಿ. ನಾಲ್ಕೈದು ಮನೆಯವರು ಒಟ್ಟಿಗೆ ಹೋಗಿ, "ಸಂಜೆ ಆರೂವರೆವರೆಗೆ ನಮ್ಮ ಮಕ್ಕಳು ಆಡಲಿ, ಒಬ್ಬ ದೊಡ್ಡವರು ಜೊತೆಗಿರುತ್ತೇವೆ, ಕಸ ಹೆಕ್ಕಿ ಗೇಟು ಹಾಕಿ ಹೋಗುತ್ತೇವೆ" ಅಂದರೆ ಒಪ್ಪುವ ಸಾಧ್ಯತೆ ಜಾಸ್ತಿ. ಕೊಟ್ಟ ಮಾತು ಉಳಿಸಿಕೊಳ್ಳಿ. ಕಿಟಕಿಯ ಗಾಜು ಒಡೆದರೆ ನೀವೇ ಹಾಕಿಸಿಕೊಡಿ.

ಮೈದಾನಗಳ ತೊಂದರೆ ಅಂದರೆ ದೊಡ್ಡ ಹುಡುಗರ ಕ್ರಿಕೆಟ್. ಒಂದೇ ಬಯಲಿನಲ್ಲಿ ಮೂರು ಮ್ಯಾಚ್ ನಡೆಯುತ್ತಿರುತ್ತದೆ. ಲೆದರ್ ಬಾಲ್ ಆಟ ಇರುವಲ್ಲಿ ಸಣ್ಣವರನ್ನು ಬಿಡಲೇಬೇಡಿ. ಹೆಣ್ಣುಮಕ್ಕಳು ಬಯಲಿಗೆ ಇಳಿಯದೇ ಅಂಚಿನಲ್ಲೇ ಉಳಿದುಬಿಡುವುದನ್ನೂ ನೋಡುತ್ತೇವೆ. ಇದು ನನಗೆ ತುಂಬ ಬೇಸರ ತರುವ ವಿಷಯ. ನಾಲ್ಕು ಅಮ್ಮಂದಿರು ಸೇರಿ ಥ್ರೋಬಾಲ್ ನೆಟ್ ಕಟ್ಟಿದರೆ ಆ ಮೂಲೆ ಹುಡುಗಿಯರದ್ದಾಗುತ್ತದೆ. ಹೊಸ ಮೈದಾನ ಆರಿಸುವಾಗ ಸಂಜೆ ಒಮ್ಮೆ ಸುಮ್ನೆ ಹೋಗಿ ನಿಂತು ನೋಡಿ, ಅಲ್ಲಿ ಹುಡುಗಿಯರು ಆಡುತ್ತಿದ್ದಾರಾ ಅಂತ. ಆಡುತ್ತಿದ್ದರೆ ಆ ಜಾಗ ಎಲ್ಲ ಮಕ್ಕಳಿಗೂ ಒಳ್ಳೆಯದೇ ಇರುತ್ತದೆ.

ನವೆಂಬರ್‌ನಿಂದ ಮೇವರೆಗೆ ಬಯಲುಗಳಲ್ಲಿ ಯಕ್ಷಗಾನ, ಜಾತ್ರೆ, ಶಾಮಿಯಾನ. ಮರುದಿನ ಅಲ್ಲಿ ಮೊಳೆ, ತಂತಿ, ಗೂಟದ ಗುಂಡಿ ಉಳಿದಿರುತ್ತದೆ. ಕಾರ್ಯಕ್ರಮ ಮುಗಿದ ಮೈದಾನಕ್ಕೆ ಮಕ್ಕಳನ್ನು ಬಿಡುವ ಮೊದಲು ಒಂದು ಸುತ್ತು ಹೊಡೆದು ಬನ್ನಿ.

ರಥಬೀದಿ

ಇದನ್ನು ಆಟದ ಜಾಗ ಅಂತ ಯಾರೂ ಕರೆಯುವುದಿಲ್ಲ. ಆದರೂ ಸಂಜೆ ಅಲ್ಲಿ ಹೋಗಿ ನೋಡಿ. ಅನಂತೇಶ್ವರ, ಚಂದ್ರಮೌಳೇಶ್ವರ ದೇವಸ್ಥಾನಗಳ ಸುತ್ತ, ಅಷ್ಟ ಮಠಗಳ ಎದುರು, ಅಗಲವಾದ ಬೀದಿಯಲ್ಲಿ ಮಕ್ಕಳು ಬಲೂನು ಹಿಡಿದು ಓಡುತ್ತಿರುತ್ತಾರೆ. ಅಜ್ಜಿಯಂದಿರು ಜಗಲಿಯಲ್ಲಿ ಕೂತಿರುತ್ತಾರೆ. ಗೋಲಿಬಜೆಯ ವಾಸನೆ ಬರುತ್ತಿರುತ್ತದೆ. ಪುಟ್ಟ ಮಗು, ದೊಡ್ಡ ಮಗು, ಮುದುಕರು, ಮೂರೂ ತಲೆಮಾರಿಗೆ ಒಂದೇ ಕಡೆ ಹೊತ್ತು ಹೋಗುವ ಜಾಗ ಇದೊಂದೇ. ರಥೋತ್ಸವ ಇದ್ದ ದಿನವಾದರೆ ಮಕ್ಕಳಿಗೆ ರಥವೇ ದೊಡ್ಡ ಬೆರಗು.

ಜನವರಿಯ ಸಪ್ತೋತ್ಸವ, ಎರಡು ವರ್ಷಕ್ಕೊಮ್ಮೆ ಜನವರಿ 18ರ ಪರ್ಯಾಯ, ಅಷ್ಟಮಿಯ ಮರುದಿನದ ವಿಟ್ಲಪಿಂಡಿ, ಈ ದಿನಗಳಲ್ಲಿ ಮಾತ್ರ ಆಡಿಸಲು ಹೋಗಬೇಡಿ. ನೋಡಲು ಹೋಗಿ, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು. ವಿಟ್ಲಪಿಂಡಿಯ ಹುಲಿವೇಷದ ತಾಸೆ ವಾದ್ಯದ ಸದ್ದಿಗೆ ಕೆಲವು ಮಕ್ಕಳು ಹೆದರಿ ಚೀರುತ್ತವೆ, ಕೆಲವು ಅಲ್ಲೇ ಕುಣಿಯಲು ಶುರುಮಾಡುತ್ತವೆ. ನಿಮ್ಮ ಮಗು ಯಾವ ಪೈಕಿ ಅಂತ ದೂರದಲ್ಲಿ ನಿಂತು ತಿಳಿದುಕೊಳ್ಳಿ. ಮಧ್ವ ಸರೋವರದ ಮೆಟ್ಟಿಲ ಹತ್ತಿರ ಯಾವ ದಿನವಾದರೂ ಕೈ ಹಿಡಿದೇ ಇರಿ.

ಮಳೆಗಾಲದಲ್ಲಿ ಏನು ಮಾಡುವುದು?

ಇಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ. ವರ್ಷದ ಮೂರರಲ್ಲಿ ಒಂದು ಭಾಗ ಮೇಲಿನ ಲೆಕ್ಕವೆಲ್ಲ ತಲೆಕೆಳಗು. ಮಲ್ಪೆಯಲ್ಲಿ ಮಳೆಗಾಲ ಶುರುವಾದ ಕೂಡಲೇ ನೀರಿಗೆ ಇಳಿಯದಂತೆ ತೀರದುದ್ದ ತಡೆಬಲೆ ಕಟ್ಟುತ್ತಾರೆ. ಬಲೆಯ ಈಚೆ ನಿಂತು ಕಡಲು ನೋಡಬಹುದು, ಅಷ್ಟೇ. "ಸ್ವಲ್ಪ ಕಾಲು ಒದ್ದೆ ಮಾಡಿಸಿಕೊಂಡು ಬರೋಣ" ಅಂತ ಬಲೆ ದಾಟುವವರನ್ನು ಕಂಡರೆ ದಯವಿಟ್ಟು ತಡೆಯಿರಿ.

ಪಾರ್ಕಿನಲ್ಲಿ ಈ ತಿಂಗಳುಗಳಲ್ಲಿ ಮೆಟ್ಟಿಲು, ಕಲ್ಲುಹಾಸು ಎಲ್ಲ ಪಾಚಿ. ಉಯ್ಯಾಲೆಯ ಕೆಳಗೆ ಕಾಲು ಉಜ್ಜಿ ಆದ ಗುಂಡಿಯಲ್ಲಿ ನೀರು ನಿಂತಿರುತ್ತದೆ. ಹಳೇ ಟಯರ್‌ನಿಂದ ಮಾಡಿದ ಆಟಿಕೆ ಇದ್ದರೆ ಅದರೊಳಗೆ ಸೊಳ್ಳೆ ಮರಿ ಕುಣಿಯುತ್ತಿರುತ್ತದೆ. ಡೆಂಗಿಯ ಕಾಲ ಇದು, ತುಂಬು ತೋಳಿನ ಅಂಗಿ ಹಾಕಿಸಿ.

ಹಾಗಂತ ನಾಲ್ಕು ತಿಂಗಳು ಮಕ್ಕಳನ್ನು ಮೊಬೈಲ್ ಮುಂದೆ ಕೂರಿಸುವುದಾ? ಬೇಡ. ಮಳೆ ಬಿಟ್ಟ ಒಂದು ಗಂಟೆಯನ್ನು ಹಿಡಿದುಕೊಳ್ಳುವುದನ್ನು ಕರಾವಳಿಯ ಮಕ್ಕಳು ಬೇಗ ಕಲಿಯುತ್ತಾರೆ. ಸಪಾಟು ಮೈದಾನದ ಕೆಸರಿನಲ್ಲಿ ಬರಿಗಾಲ ಓಟ ಆಡಲಿ, ಕಲ್ಲು ಗಾಜು ಇಲ್ಲ ಅಂತ ಖಾತ್ರಿ ಇದ್ದರೆ. ಇನ್ನು ಹಳ್ಳಿಗಳ ಗ್ರಾಮ ಪಂಚಾಯತ್ ಗ್ರಂಥಾಲಯಗಳಲ್ಲಿ ಓದುವ ಬೆಳಕು ಕಾರ್ಯಕ್ರಮದಡಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಇದೆ. ಅರಿವು ಕೇಂದ್ರ ಅಂತ ಈಗ ಬೋರ್ಡು ಇರುತ್ತದೆ. ಎಷ್ಟೋ ಕಡೆ ಚೆಸ್, ಕೇರಂ ಬೋರ್ಡು ಇಟ್ಟಿದ್ದಾರೆ. ಜಡಿಮಳೆಯ ಮಧ್ಯಾಹ್ನಕ್ಕೆ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ.

ಉಚಿತ ಅಂದರೂ ಖರ್ಚು ಎಲ್ಲಿ?

ಜಾಗಕ್ಕೆ ದುಡ್ಡಿಲ್ಲದಿದ್ದರೂ ದಾರಿಗೆ, ಬಾಯಿಗೆ ದುಡ್ಡು ಹೋಗುತ್ತದೆ. ಮಲ್ಪೆಗೆ ಕಾರಿನಲ್ಲಿ ಹೋದರೆ ಪಾರ್ಕಿಂಗ್ ಶುಲ್ಕ. ಅಲ್ಲಿ ಬೋಟು, ನೀರಾಟ, ಐಸ್‌ಕ್ರೀಂ ಎಲ್ಲ ಕಣ್ಣೆದುರೇ ಇರುತ್ತದೆ. ಇಬ್ಬರು ಮಕ್ಕಳಿದ್ದರೆ ಬೇಡ ಅನ್ನುವುದು ಸುಲಭವಲ್ಲ. ಹೋಗುವ ಮುಂಚೆಯೇ ಮಾತಾಡಿಕೊಳ್ಳಿ: ಇವತ್ತು ಚರ್ಮುರಿ ಒಂದೇ. ಭುಜಂಗ ಪಾರ್ಕ್, ಮಣ್ಣಪಳ್ಳದಲ್ಲಿ ಈ ಕಾಟ ಕಡಿಮೆ. ಮನೆಯಿಂದ ಬನ್ಸ್, ನೀರಿನ ಬಾಟಲಿ ತೆಗೆದುಕೊಂಡು ಹೋದರೆ ಸಂಜೆ ಮುಗಿಯಿತು.

ಬಸ್ಸಿನಲ್ಲಿ ಹೋಗುವವರು ಒಂದು ನೆನಪಿಟ್ಟುಕೊಳ್ಳಿ. ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ಉಡುಪಿಯ ಸಿಟಿ ಬಸ್ಸುಗಳಲ್ಲಿ ಹೆಚ್ಚಿನವು ಖಾಸಗಿಯವು. ನರ್ಮ್ ಅಂತ ಕರೆಯುವ ಕೆಎಸ್‌ಆರ್‌ಟಿಸಿಯ ಸಿಟಿ ಬಸ್ ಯಾವ ಹೊತ್ತಿಗೆ ಬರುತ್ತದೆ ಅಂತ ಒಮ್ಮೆ ಕೇಳಿಟ್ಟುಕೊಂಡರೆ ಅಮ್ಮ, ಅಜ್ಜಿ, ಮಗಳು ಟಿಕೆಟ್ ಇಲ್ಲದೇ ಹೋಗಿ ಬರಬಹುದು. ಅದರಲ್ಲಿ 6 ವರ್ಷದೊಳಗಿನ ಮಕ್ಕಳಿಗೆ, ಗಂಡಾಗಲಿ ಹೆಣ್ಣಾಗಲಿ, ಟಿಕೆಟ್ ಇಲ್ಲ. ಕತ್ತಲ ಲೆಕ್ಕವೂ ಇರಲಿ. ನವೆಂಬರ್, ಡಿಸೆಂಬರ್‌ನಲ್ಲಿ ಆರು ಗಂಟೆ ದಾಟುತ್ತಿದ್ದಂತೆ ಹೊತ್ತು ಮುಳುಗುತ್ತದೆ. ಶಾಲೆ ಬಿಟ್ಟು ಮನೆಗೆ ಬಂದು ತಿಂಡಿ ತಿಂದು ಹೊರಟರೆ ಮಲ್ಪೆಯಲ್ಲಿ ಸಿಗುವುದು ಅರ್ಧ ಗಂಟೆ. ಅಂಥ ದಿನ ಹತ್ತಿರದ ಪಾರ್ಕೇ ಸರಿ.

ಯಾರೂ ಹೇಳದ ಪಾರ್ಕುಗಳು

ಮೇಲೆ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಜಾಗಗಳು. ನಿಮ್ಮ ದಿನನಿತ್ಯದ ಜಾಗ ಬಹುಶಃ ಇವುಗಳಲ್ಲಿಲ್ಲ. ಬಡಾವಣೆ ಮಾಡುವಾಗ ಪಾರ್ಕಿಗೆ ಜಾಗ ಬಿಡಲೇಬೇಕು ಅನ್ನುವುದು ಕಾನೂನು. ಹಾಗಾಗಿ ಪ್ರತಿ ಹೊಸ ಬಡಾವಣೆಯಲ್ಲೂ ಒಂದು ಮೂಲೆಯಲ್ಲಿ ಸಣ್ಣ ಪಾರ್ಕ್ ಇದ್ದೇ ಇರಬೇಕು. ಮೊಬೈಲ್ ಮ್ಯಾಪಿನಲ್ಲಿ ಇವು ಕಾಣುವುದಿಲ್ಲ, ಕಂಡರೂ ಹೆಸರಿರುವುದಿಲ್ಲ. ಅಂಗನವಾಡಿ ಟೀಚರನ್ನು ಕೇಳಿ, ಅವರಿಗೆ ಆ ವಾರ್ಡಿನ ಮಕ್ಕಳು ಎಲ್ಲಿ ಆಡುತ್ತಾರೆ ಅಂತ ಪಕ್ಕಾ ಗೊತ್ತಿರುತ್ತದೆ. ಹಾಲಿನ ಡಿಪೋದವರಿಗೂ ಗೊತ್ತಿರುತ್ತದೆ.

ಹುಡುಕಿಕೊಂಡು ಹೋದಾಗ ಗೇಟಿಗೆ ಬೀಗ, ಒಳಗೆ ಮೊಣಕಾಲೆತ್ತರದ ಹುಲ್ಲು ಇದ್ದರೆ ಅಲ್ಲಿಗೇ ಬಿಡಬೇಡಿ. ಕರ್ನಾಟಕದಲ್ಲಿ ಪಾರ್ಕು, ಆಟದ ಮೈದಾನ, ಬಯಲು ಜಾಗಗಳನ್ನು ಕಾಪಾಡಲೆಂದೇ 1985ರ ಕಾಯ್ದೆ ಇದೆ. ಆ ಜಾಗ ಮಕ್ಕಳದ್ದು, ಕೇಳುವುದಕ್ಕೆ ಸಂಕೋಚ ಬೇಡ. ಫೋಟೊ ತೆಗೆಯಿರಿ, ಬಡಾವಣೆಯ ಹೆಸರು ಮತ್ತು ವಾರ್ಡ್ ಹಾಕಿ, ಹತ್ತು ಮನೆಯವರ ಸಹಿ ಹಾಕಿಸಿ ನಗರಸಭೆಗೋ ಪಂಚಾಯತಿಗೋ ಅರ್ಜಿ ಕೊಡಿ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿ ನಿಮ್ಮಲ್ಲಿರಲಿ. "ಪಾರ್ಕ್ ಅಭಿವೃದ್ಧಿ ಮಾಡಿ" ಅಂತ ಬರೆದರೆ ಕಡತ ಮೂಲೆ ಸೇರುತ್ತದೆ. "ಹುಲ್ಲು ಕೀಳಿಸಿ, ಉಯ್ಯಾಲೆಯ ಎರಡು ಕೊಂಡಿ ಬದಲಿಸಿ, ಕೆಳಗೆ ಒಂದು ಲೋಡು ಹೊಯ್ಗೆ ಹಾಕಿಸಿ, ಗೇಟು ಸಂಜೆ ನಾಲ್ಕರಿಂದ ಏಳರವರೆಗೆ ತೆರೆದಿಡಿ" ಅಂತ ಬಿಡಿಸಿ ಬರೆಯಿರಿ. ಅರ್ಜಿ ಕೊಡಲು ಸೆಪ್ಟೆಂಬರ್ ಕೊನೆಯ ವಾರ ಒಳ್ಳೆಯ ಹೊತ್ತು. ಮಳೆ ಹಿಂದೆ ಸರಿಯುವ ಹೊತ್ತಿಗೆ ಕೆಲಸ ಶುರುವಾದರೆ ದಸರಾ ರಜೆಗೆ ಮಕ್ಕಳು ಅಲ್ಲಿ ಆಡಬಹುದು.